ಚಾಕುವಿನ ಮೇಲಿದ್ದ ಹೆಸರು

ಆ ಜಿಂಕೆಯನ್ನು ಕೊಯ್ದವನು ನಾನು. ಬೊಮ್ಮನಲ್ಲ. ಉರುಲು ನನ್ನದು, ಹೊಲ ನನ್ನದು, ರಕ್ತವಾದ ಕೈ ನನ್ನದು — ಚಾಕು ಮಾತ್ರ ಅವನದು. ಆ ಚಾಕನ್ನೂ ಹುಡುಕಿ, ಆರಿಸಿ, ಅವನಿಗೆ ಪ್ರೀತಿಯಿಂದ ಕೊಟ್ಟವನು ನಾನೇ. ಇದನ್ನು ಹೇಳಲಾರದೆ ಆರು ವರ್ಷ ಒದ್ದಾಡಿದೆ ಎಂದು ಬರೆಯಲು ಹೊರಟೆ — ಅದೂ ಸುಳ್ಳು. ಒದ್ದಾಡಿದ್ದು ಕಡಿಮೆ. ಬಹುಪಾಲು ದಿನ ಚೆನ್ನಾಗಿಯೇ ಉಂಡು ಮಲಗಿದ್ದೇನೆ.

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ರೈತ. ನನ್ನ ಹೊಲದ ಬದು ಮುಗಿದಲ್ಲಿ ಆನೆ ದಾಟದಂತೆ ತೋಡಿದ ಟ್ರೆಂಚು, ಅದರಾಚೆ ಕಾಡು. ಊರಿನಲ್ಲಿ ನನಗೊಂದು ಹೆಸರಿತ್ತು, ಸಾಮಾನು ಆರಿಸುವುದರಲ್ಲಿ ಗಟ್ಟಿಗ ಎಂದು. ಪಂಪ್‌ಸೆಟ್ಟು ಕೊಳ್ಳುವವರು, ಹಸು ಹಿಡಿಯುವವರು, ಮದುವೆಗೆ ಸೀರೆ ತೆಗೆಯುವವರು ಕೂಡ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು. ಸ್ವಲ್ಪವೇನು, ಬೇಕಾದಷ್ಟಿತ್ತು.

ಬೊಮ್ಮ ಹತ್ತಿರದ ಗಿರಿಜನರ ಹಾಡಿಯವನು. ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್ — ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವುದು, ಮಿಕ್ಕ ಕಾಲದಲ್ಲಿ ಗಸ್ತು. ಹನ್ನೆರಡು ವರ್ಷ ಹಾಗೇ ದುಡಿದಿದ್ದ. ಇವತ್ತಲ್ಲ ನಾಳೆ ಕೆಲಸ ಖಾಯಂ ಆಗುತ್ತದೆ ಎಂಬುದೊಂದೇ ಅವನಿಗೂ ಅವನ ಹೆಂಡತಿ ಪುಟ್ಟಮ್ಮನಿಗೂ ಇದ್ದ ಆಸೆ. ರಜೆಯ ದಿನಗಳಲ್ಲಿ ನನ್ನ ಹೊಲಕ್ಕೆ ಬಂದು ಶುಂಠಿ ಕೀಳುತ್ತಿದ್ದ.

ಒಂದು ಬೆಳಗ್ಗೆ ನಾನು ಮೊಬೈಲಿನಲ್ಲಿ ಮಾತಾಡುತ್ತ ಪಂಪ್‌ಸೆಟ್ಟಿನ ಕಡೆ ಹೋಗುತ್ತಿದ್ದೆ. ಎದುರಿನ ಜೋಳದಲ್ಲಿ ಆನೆ ನಿಂತಿದ್ದದ್ದು ಕಾಣಲೇ ಇಲ್ಲ. ಹಿಂದಿನಿಂದ ಯಾರೋ ಷರ್ಟಿನ ಕಾಲರ್ ಹಿಡಿದೆಳೆದು ನನ್ನನ್ನು ಕಾಲುವೆಗೆ ತಳ್ಳಿದರು. ಬೊಮ್ಮ. ತಳ್ಳಿದವನೇ ಕೂಗುತ್ತ ಇನ್ನೊಂದು ದಿಕ್ಕಿಗೆ ಓಡಿದ. ಆನೆ ಅವನ ಹಿಂದೆ ಹೋಯಿತು. ಅರ್ಧ ಗಂಟೆ ಬಿಟ್ಟು ಮೈಯೆಲ್ಲ ತರಚಿಸಿಕೊಂಡು ವಾಪಸ್ಸು ಬಂದ. ಕೆಸರಿನಲ್ಲಿ ಕೂತಿದ್ದ ನನ್ನನ್ನು ನೋಡಿ ನಕ್ಕ.

“ಫೋನ್ ಒಡ್ದೋಯ್ತಾ ಗೌಡ್ರೆ?”

ಆ ಓಟದಲ್ಲಿ ಅವನ ಸೊಂಟದ ಚಾಕು ಕಾಡಿನಲ್ಲೆಲ್ಲೋ ಬಿದ್ದುಹೋಗಿತ್ತು. ಹಿಡಿ ಸೀಳಿಹೋಗಿ ಸೈಕಲ್ ಟ್ಯೂಬು ಸುತ್ತಿದ್ದ ಹಳೆಯ ಚಾಕು. ಜೀವ ಉಳಿಸಿದವನಿಗೆ ಏನು ಕೊಡಬೇಕೆಂದು ಯೋಚಿಸುತ್ತಿದ್ದ ನನಗೆ ಉತ್ತರ ಸಿಕ್ಕಿತು. ಕೊಟ್ಟರೆ ಅಂಥಿಂಥದ್ದಲ್ಲ, ಈ ಸೀಮೆಯಲ್ಲೇ ಯಾರ ಸೊಂಟದಲ್ಲೂ ಇಲ್ಲದಂಥದ್ದು ಕೊಡಬೇಕು ಎಂದುಕೊಂಡೆ.

ಹುಣಸೂರಿನಲ್ಲಿ ನೋಡಿದೆ. ಅಡುಗೆಮನೆಯ ಚಾಕು ಬಿಟ್ಟರೆ ಮಚ್ಚು. ಇನ್ನೊಂದು ದಿನ ಬಿಡುವು ಮಾಡಿಕೊಂಡು ಪಿರಿಯಾಪಟ್ಟಣದ ಮೇಲೆ, ಟಿಬೆಟಿನವರ ಕ್ಯಾಂಪಿನ ಪಕ್ಕದ ಕೊಪ್ಪಕ್ಕೆ ಹೋದೆ. ಅಲ್ಲೊಂದು ಅಂಗಡಿಯಲ್ಲಿ ವಯಸ್ಸಾದ ಟಿಬೆಟಿನ ಹೆಂಗಸು ಗಾಜಿನ ಪೆಟ್ಟಿಗೆಯ ತುಂಬ ಚಾಕು ಇಟ್ಟುಕೊಂಡಿದ್ದರು. ನಾನು ಮೊದಲು ಕೈ ಹಾಕಿದ್ದು ಬೆನ್ನಿಗೆ ಗರಗಸದ ಹಲ್ಲಿದ್ದ, ಫಳಫಳ ಹೊಳೆಯುವ ಒಂದಕ್ಕೆ.

“ಅದು ಗೋಡೆಗೆ ನೇತಾಕೋಕೆ,” ಎಂದರು ಆಕೆ. “ಶಿಕಾರಿಗಾ?”

“ಅಲ್ಲಮ್ಮ. ಕಾಡು ಕಾಯೋನಿಗೆ.”

ಆಗ ಕೆಳಗಿನ ಖಾನೆಯಿಂದ ತೆಗೆದುಕೊಟ್ಟರು. ಗೇಣುದ್ದದ ಶಿಕಾರಿ ಚಾಕು. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡು. ಎರಡೂ ಕಡೆ ಮರ ಕೂರಿಸಿ ಮೂರು ಹಿತ್ತಾಳೆ ಮೊಳೆ ಹೊಡೆದಿದ್ದರು. ಬೆನ್ನು ದಪ್ಪ, ಹೊಟ್ಟೆ ಬಾಗಿದ್ದು. ಬೆರಳ ಮೇಲೆ ಅಡ್ಡ ಇಟ್ಟರೆ ಆಚೆಗೂ ಬೀಳದೆ ಈಚೆಗೂ ಬೀಳದೆ ನಿಂತಿತು. ಹೆಬ್ಬೆರಳಿನ ಉಗುರಿಗೆ ತಾಗಿಸಿದೆ, ಜಾರದೆ ಕಚ್ಚಿತು. ಒರೆ ಗಟ್ಟಿ ಚರ್ಮದ್ದು. ಒಂದು ಗಂಟೆ ಅಲ್ಲೇ ನಿಂತು ಹತ್ತು ಚಾಕು ತೆಗೆಸಿ ಕೊನೆಗೆ ಅದನ್ನೇ ತೆಗೆದುಕೊಂಡೆ. ಇಷ್ಟು ಚೆನ್ನಾಗಿ ನಾನು ಯಾವುದನ್ನೂ ಆರಿಸಿರಲಿಲ್ಲ. ಇವತ್ತಿಗೂ ಆ ಮಾತು ನಿಜ — ಹೇಳುವಾಗ ನಾಚಿಕೆಯಾಗುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗಿತ್ತು. ಬಿಡಲಿಲ್ಲ. ವಾಪಸ್ಸು ಬರುವಾಗ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಳಿದು ಪಾತ್ರೆ ಅಂಗಡಿಗೆ ಹೋದೆ. ಮದುವೆ ಉಡುಗೊರೆಯ ಪಾತ್ರೆಗೆ ಹೆಸರು ಕೊರೆಯುವ ಮೆಷಿನ್ ಇರುತ್ತದಲ್ಲ, ಅದರಲ್ಲಿ ಅಲಗಿನ ಮೇಲೆ ‘ಬೊಮ್ಮ, ವಾಚರ್’ ಎಂದು ಬರೆಸಿದೆ.

“ಕೊಟ್ಟೋರ ಹೆಸ್ರು ಬ್ಯಾಡ್ವಾ ಸಾರ್?” ಎಂದು ಕೇಳಿದ ಅಂಗಡಿಯವನು. ಪಾತ್ರೆಯ ಮೇಲೆ ಬರೆಸುವುದು ಕೊಟ್ಟವರ ಹೆಸರನ್ನೇ ಅಲ್ಲವೇ. ನಾನು ದೊಡ್ಡ ಮನುಷ್ಯನ ಹಾಗೆ, ಬೇಡ ಬಿಡಪ್ಪ ಎಂದೆ.

ಕೊಡಲು ಹಾಡಿಗೆ ಹೋದಾಗ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದೆಂದು ಬೊಮ್ಮ ನೆಲದ ಮೇಲಿಡಿಸಿದ. ಆಮೇಲೆ ಎತ್ತಿಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದ. ಅವನಿಗೆ ಓದು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಮೂರು ಸಲ ನನ್ನಿಂದ ಓದಿಸಿದ. ಪುಟ್ಟಮ್ಮ ಮಾತ್ರ ಗುಡಿಸಲ ಬಾಗಿಲಲ್ಲೇ ನಿಂತಿದ್ದಳು.

“ಯಾಕ್ ಗೌಡ್ರೆ ಇಷ್ಟ್ ಚೆಂದದ್ ತಂದ್ರಿ? ಹಾಡಿಯೋನ್ ಸೊಂಟ್ದಲ್ಲಿ ಇಂಥದ್ ಕಂಡ್ರೆ ಜನ ಏನಂದಾರು?”

ನಾನು ನಕ್ಕೆ. ಅಂದವರನ್ನು ನನ್ನ ಹತ್ತಿರ ಕಳಿಸು ಎಂದೆ.

ಮುಂದಿನ ವರ್ಷ ಹಂದಿಗಳು ಶುಂಠಿಯನ್ನು ಉತ್ತ ಹಾಗೆ ಬಗೆದುಹಾಕಿದವು. ನಾನು ಹಳೆಯ ಬೈಕಿನ ಕ್ಲಚ್ ವಯರ್ ತಂದು ಬೇಲಿಯುದ್ದಕ್ಕೂ ಉರುಲು ಕಟ್ಟಿದೆ. ಬೊಮ್ಮನಿಗೆ ತಿಳಿಯದ ಹಾಗೆ ಕಟ್ಟಿದೆ, ಗೊತ್ತಾದರೆ ಬಿಚ್ಚಿಸುತ್ತಿದ್ದ. ಒಂದು ಬೆಳಗ್ಗೆ ಹೋಗಿ ನೋಡಿದರೆ ಉರುಲಿನಲ್ಲಿ ಹಂದಿಯಲ್ಲ, ಜಿಂಕೆ. ಹೆಣ್ಣು. ಇನ್ನೂ ಜೀವವಿತ್ತು, ನನ್ನನ್ನು ನೋಡುತ್ತಿತ್ತು. ವಯರ್ ಕತ್ತರಿಸಿದ್ದರೆ ಓಡುತ್ತಿತ್ತೇನೋ. ಕೆ.ಆರ್. ನಗರದಿಂದ ಬಂದಿದ್ದ ನನ್ನ ಷಡ್ಡಕ ಜೊತೆಗಿದ್ದ. ಸಿಕ್ಕಿದ್ದನ್ನು ಬಿಡುವುದುಂಟೇ ಎಂದ. ಅವನು ಹೇಳಿದ್ದಕ್ಕೆ ಮಾಡಿದೆ ಎನ್ನಲಾರೆ. ಅವನೆದುರು ಹೆದರುಪುಕ್ಕಲನಂತೆ ಕಾಣಲು ನನಗೆ ಇಷ್ಟವಿರಲಿಲ್ಲ, ಅಷ್ಟೇ.

ಮನೆಯಲ್ಲಿದ್ದದ್ದು ಮೊಂಡು ಚಾಕು. ಹಾಡಿಗೆ ಹೋದೆ.

“ನೆಂಟ್ರು ಬಂದವ್ರೆ, ಮರಿ ಕುಯ್ಬೇಕು ಕಣ್ಲಾ. ನಿನ್ ಚಾಕ್ ಕೊಡು.”

ಬೊಮ್ಮ ಒರೆಸಮೇತ ಬಿಚ್ಚಿ ನೆಲದ ಮೇಲಿಟ್ಟ. “ಸಂಜ್ಗೆ ಕೊಟ್ಬುಡಿ ಗೌಡ್ರೆ, ನಾಳೀಕ್ ಗಸ್ತೈತೆ.”

ಹೊಲದ ಹಿಂದಿನ ಹಳ್ಳದಲ್ಲಿ ಕೊಯ್ದೆವು. ಚಾಕು ಎಲ್ಲೂ ತಡೆಯದೆ ಹೋಯಿತು. ಜಿಂಕೆ ಗಬ್ಬವಾಗಿತ್ತು. ಹೊಟ್ಟೆ ಸೀಳಿದಾಗ ಒಳಗಿನಿಂದ — ಬೇಡ. ಅದನ್ನು ಬರೆಯುವ ಶಕ್ತಿ ನನಗಿಲ್ಲ. ಅಷ್ಟರಲ್ಲಿ ಟ್ರೆಂಚಿನಾಚೆ ಜೀಪಿನ ಸದ್ದಾಯಿತು. ಮಾಂಸವನ್ನು ಚೀಲಕ್ಕೆ ತುಂಬಿಕೊಂಡು ಓಡಿದೆವು. ಮನೆಗೆ ಬಂದ ಮೇಲೆ ನೋಡಿದರೆ ಒರೆ ಮಾತ್ರ ಕೈಯಲ್ಲಿತ್ತು. ಹಿಂದಕ್ಕೆ ಹೋಗುವ ಧೈರ್ಯ ಬರಲಿಲ್ಲ. ಸಂಜೆ ಬೊಮ್ಮ ಕೇಳಲು ಬಂದಾಗ, ತೊಳೆದು ನಾಳೆ ಕೊಡ್ತೀನಿ ಹೋಗು ಎಂದು ಅಂಗಳದಿಂದಲೇ ಕಳಿಸಿದೆ. ಒಲೆಯ ಮೇಲೆ ಮಾಂಸ ಬೇಯುತ್ತಿತ್ತು.

ಮರುದಿನ ಬೆಳಗ್ಗೆ ಇಲಾಖೆಯವರು ನನ್ನನ್ನು ಹಳ್ಳಕ್ಕೆ ಕರೆಸಿದರು. ನನ್ನನ್ನು ಹಿಡಿಯಲಿಕ್ಕಲ್ಲ. ಪಕ್ಕದ ಹೊಲದವನು, ಮರ್ಯಾದಸ್ಥ ಎಂದು ಮಹಜರಿಗೆ ಪಂಚನಾಗಿ ಸಹಿ ಹಾಕಲು! ಚರ್ಮ, ಗೊರಸು, ಮರಳಿನಲ್ಲಿ ಸಿಕ್ಕ ಚಾಕು. ಗಸ್ತಿಗೆ ಬಂದಿದ್ದ ಬೊಮ್ಮ ಅವರ ನಡುವೆಯೇ ನಿಂತಿದ್ದ. ಆಫೀಸರು ಅಲಗಿನ ಮೇಲಿನ ಹೆಸರು ಓದಿ ಅವನ ಕಡೆ ತಿರುಗಿದರು.

“ಇದು ನಿನ್ನದಲ್ವೇನೋ?”

“ನಂದೇಯ ಸಾ. ಆದ್ರೆ…” ಬೊಮ್ಮ ನನ್ನನ್ನು ನೋಡಿದ. ಅವನ ಮುಖದಲ್ಲಿ ಭಯವಿರಲಿಲ್ಲ. “ಗೌಡ್ರು ಯೇಳ್ತಾರೆ, ಅವ್ರನ್ ಕೇಳಿ ಸಾ.”

ಎಷ್ಟು ನಂಬಿಕೆ! ನಾನು ಹೇಳಿಯೇ ಹೇಳುತ್ತೇನೆಂದು ಅವನಿಗೆ ಗೊತ್ತಿತ್ತು. ನನಗೆ ಆ ಕ್ಷಣ ಕಂಡದ್ದು ಜೈಲು, ಊರಿನವರು, ಕೈಗೆ ಬೇಡಿ. ಬಾಯಿ ತನ್ನಷ್ಟಕ್ಕೆ ಆಡಿತು ಎಂದರೆ ಸುಳ್ಳಾಗುತ್ತದೆ — ಯೋಚಿಸಿಯೇ ಆಡಿದೆ.

“ಚಾಕು ಅವಂದೇ ಸಾ. ನಾನೇ ಕೊಡ್ಸಿದ್ದು. ಹೆಸ್ರೂ ನಾನೇ ಹಾಕ್ಸಿದ್ದು.”

ಒಂದೊಂದು ಮಾತೂ ನಿಜ. ಬೊಮ್ಮ ಇನ್ನೂ ಕಾಯುತ್ತಿದ್ದ, ನನ್ನ ಮಾತು ಮುಗಿದಿಲ್ಲ ಎಂದುಕೊಂಡು. ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ. ಅವನನ್ನು ಜೀಪಿಗೆ ಹತ್ತಿಸಿದರು. ಆಮೇಲೆ ಅವನು ನಡೆದದ್ದನ್ನು ಹೇಳಿದನಂತೆ. ಚಾಕು ಕೊಡಿಸಿದ ಗೌಡರ ಮೇಲೆಯೇ ಹಾಕುತ್ತೀಯಾ ಎಂದು ಯಾರೂ ನಂಬಲಿಲ್ಲವಂತೆ.

ಮೂರು ತಿಂಗಳು ಮೈಸೂರಿನ ಜೈಲಿನಲ್ಲಿದ್ದ. ಜಾಮೀನಿನ ಮೇಲೆ ಬಂದಾಗ ಕೆಲಸ ಹೋಗಿತ್ತು. ಕಾಡು ಕಾಯುವವನೇ ಜಿಂಕೆ ಕೊಂದ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ? ಕೊಡಗಿನ ಕಾಫಿ ತೋಟದಲ್ಲಿ ಕೂಲಿಯವರ ಲೈನ್‌ಮನೆ ಸೇರಿದ. ಕೋರ್ಟಿನ ದಿನಕ್ಕೆ ಮಾತ್ರ ಬಸ್ಸು ಹಿಡಿದು ಹೆಗ್ಗಡದೇವನಕೋಟೆಗೆ ಬಂದು ಹೋಗುತ್ತಿದ್ದ. ಅವನ ಜೊತೆಯವರಲ್ಲಿ ಇಬ್ಬರ ಕೆಲಸ ಈಚೆಗೆ ಖಾಯಂ ಆಯಿತೆಂದು ಕೇಳಿದೆ.

ಈ ವರ್ಷ ನನಗೆ ಸಾಕ್ಷಿ ಹೇಳಲು ಸಮನ್ಸ್ ಬಂತು. ಬೊಮ್ಮನ ಪರ ವಕೀಲರು ಕೋರ್ಟಿನ ಹೊರಗೆ ನನ್ನನ್ನು ಪಕ್ಕಕ್ಕೆ ಕರೆದರು. “ಸಹಿ ನಂದು, ಏನ್ ಬರೆದಿತ್ತೋ ಗೊತ್ತಿಲ್ಲ ಅಂದ್ಬುಡಿ. ಕೇಸು ಬಿದ್ದೋಗುತ್ತೆ. ಅವನಿಗೂ ಒಳ್ಳೇದು, ನಿಮಗೂ ಓಡಾಟ ತಪ್ಪುತ್ತೆ.” ನನಗೆ ಸ್ವರ್ಗವೇ ಸಿಕ್ಕಿದಂತಾಯಿತು. ಕಟಕಟೆ ಹತ್ತಿದೆ. ಬೊಮ್ಮ ಎದುರಿಗಿದ್ದ. ಕೂದಲು ಬೆಳ್ಳಗಾಗಿತ್ತು, ಕತ್ತು ಮುಂದೆ ಚಾಚಿ ನನ್ನ ಬಾಯನ್ನೇ ನೋಡುತ್ತಿದ್ದ. ಮತ್ತೆ ಕಾಯುತ್ತಿದ್ದಾನೆ ಎಂದು ಆಗಲೇ ಅರ್ಥವಾಯಿತು. ಅರ್ಥವಾದ ಮೇಲೂ ವಕೀಲರು ಹೇಳಿಕೊಟ್ಟಿದ್ದನ್ನೇ ಹೇಳಿ ಇಳಿದೆ.

ಕೇಸು ಬಿದ್ದುಹೋಯಿತು. ಅವನಿಗೆ ಉಪಕಾರ ಮಾಡಿದೆ ಎಂದುಕೊಂಡು ಒಂದು ವಾರ ಹಾಯಾಗಿದ್ದೆ. ಆಮೇಲೆ ಬೊಮ್ಮ ಇಲಾಖೆಗೆ ಹಳೆಯ ಕೆಲಸ ಕೇಳಲು ಹೋದನಂತೆ. ಸಾಕ್ಷಿ ಸಾಲದೆ ಬಿಟ್ಟಿದ್ದಾರೆ, ನೀನು ಮಾಡಿಲ್ಲ ಅಂತ ಯಾರೂ ಹೇಳಿಲ್ಲವಲ್ಲ ಎಂದು ವಾಪಸ್ಸು ಕಳಿಸಿದರಂತೆ. ಇದನ್ನು ನನಗೆ ಹೇಳಿದವನು ಹಾಲಿನ ಡೈರಿಯ ಹತ್ತಿರ ನಗುನಗುತ್ತ ಹೇಳಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಹಾಡಿಗೆ ಹೋದೆ. ಆರು ವರ್ಷದಲ್ಲಿ ಮೊದಲ ಸಲ. ಬೊಮ್ಮ ತೋಟದಿಂದ ಬಂದಿದ್ದ. ಅವನ ಮುಂದೆ, ಪುಟ್ಟಮ್ಮನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಉರುಲು, ಜಿಂಕೆ, ಹೊಟ್ಟೆಯ ಮರಿ, ನನ್ನ ಹೆದರಿಕೆ. ಅತ್ತುಬಿಟ್ಟೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಕ್ಷಮಿಸಲೂಬಹುದು ಎಂಬ ಆಸೆಯೂ ಒಳಗೆಲ್ಲೋ ಇತ್ತು, ಮುಚ್ಚಿಡುವುದಿಲ್ಲ. ಬೊಮ್ಮ ಎದ್ದು ಹೊರಗೆ ಹೋದ. ಪುಟ್ಟಮ್ಮ ನನ್ನ ಅಳು ನಿಲ್ಲುವವರೆಗೂ ಕಾದಳು.

“ನಮ್ಗೆ ಗೊತ್ತಿರೋದ್ನೇ ನಮ್ಗ್ಯಾಕ್ ಯೇಳ್ತೀರಿ ಗೌಡ್ರೆ?” ಎಂದಳು. “ಗೊತ್ತಿಲ್ದೋರ್ಗೆ ಯೇಳಿ, ಓಗಿ.”

ಅದಕ್ಕೇ ನಿಮಗೆ ಹೇಳಿದೆ. ಇದೇ ಸಂಗತಿಯನ್ನು ಬೇರೊಂದು ಕಾಗದದಲ್ಲಿ ಬರೆದು ಸಹಿ ಹಾಕಿ ಇಟ್ಟಿದ್ದೇನೆ. ನನ್ನ ಹೆಂಡತಿ ಓದಿದಳು. ಅವಳೂ ಆ ಮಾಂಸ ಬೇಯಿಸಿದವಳು; ಕಾಗದ ಮಡಿಸಿ ನನ್ನ ಜೇಬಿಗಿಟ್ಟಳು. ನನ್ನನ್ನು ಒಳಗೆ ಹಾಕಿದರೆ ಹಾಕಲಿ. ಬೊಮ್ಮನಿಗೆ ಕೆಲಸ ವಾಪಸ್ಸು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಕ್ಕರೂ ಆರು ವರ್ಷ ಸಿಗುವುದಿಲ್ಲ.

ನಾಳೆ ಹತ್ತು ಗಂಟೆಗೆ ಅರಣ್ಯ ಇಲಾಖೆಯ ಆಫೀಸು ತೆರೆಯುತ್ತದೆ. ಈಗಿರುವ ಆಫೀಸರು ಹೊಸಬರಂತೆ, ಬೊಮ್ಮ ಯಾರೆಂದೇ ಅವರಿಗೆ ತಿಳಿಯದು. ಅವನು ಎಂಥ ಮನುಷ್ಯ ಎಂಬುದರಿಂದಲೇ ಶುರು ಮಾಡಬೇಕು.