ಹಲ್ಲು ಮೇಸ್ತ್ರಿ ಕಲ್ಲು ಆರಿಸಿದ್ದು

ಹಲ್ಲು ಮೇಸ್ತ್ರಿ ಎಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅವರು ಡಾಕ್ಟರಲ್ಲ, ದಂತವೈದ್ಯರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡಿಕೊಡುವವರು. ಜನರ ಮುಖ ಅವರಿಗೆ ನೆನಪಿರುವುದಿಲ್ಲ. ಎದುರಾದವರು ನಕ್ಕ ಮೇಲೆಯೇ "ಓಹೋ, ನೀವಾ!" ಎನ್ನುತ್ತಾರೆ. ನನ್ನ ಮೇಲಿನ ಸಾಲೂ ಅವರದೇ ಕೈಕೆಲಸ. ಕೊಡುವ ಮುಂಚೆ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಸತಾಯಿಸಿದರು, ನಿಜ. ಆದರೆ ಒಂಬತ್ತು ವರ್ಷವಾಯಿತು, ಕೂದಲೆಳೆಯಷ್ಟೂ ಅಲುಗಿಲ್ಲ.

ಐವತ್ತೆರಡನೇ ವಯಸ್ಸಿನಲ್ಲಿ ಈ ಮನುಷ್ಯನಿಗೆ ಉಪ್ಪುನೀರಿನ ಮೀನುತೊಟ್ಟಿಯ ಹುಚ್ಚು ಹಿಡಿಯಿತು. ಹಾಲ್‌ನಲ್ಲಿದ್ದ ಸೋಫಾ ಹೋಗಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂತು. ಬಂದು ಐದು ತಿಂಗಳಾದರೂ ಅದರಲ್ಲಿ ನೀರಿಲ್ಲ, ಮೀನಿಲ್ಲ. ತಳಕ್ಕೆ ಹಾಕಿ ಮುಂದೆ ಹವಳ ಬೆಳೆಸುವ ಕಲ್ಲು ಯಾವುದೂ ಮೇಸ್ತ್ರಿಗಳ ಮನಸ್ಸಿಗೆ ಬಂದಿರಲಿಲ್ಲ.

"ರೀ, ನನ್ನನ್ನ ಒಪ್ಪೋಕೆ ನಿಮಗೆ ಒಂದು ಭೇಟಿ ಸಾಕಾಯ್ತು. ಕಲ್ಲಿಗೆ ಐದು ತಿಂಗಳಾ?" ಎಂದಳು ಹೆಂಡತಿ.

"ನಿನ್ನ ಮೇಲೆ ಹವಳ ಬೆಳೆಸಬೇಕಿತ್ತಾ?" ಎಂದುಬಿಟ್ಟರು. ಅವತ್ತು ಊಟ ತಾವೇ ಬಡಿಸಿಕೊಂಡರು.

ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಕಲ್ಲು ಎರಡು ಬಗೆಯವು. ಒಂದು, ಮೂಳೆಯಂತೆ ಬಿಳುಚಿಕೊಂಡ ಒಣಕಲ್ಲು. ಇನ್ನೊಂದು, ಸಮುದ್ರದ ನೀರಲ್ಲೇ ಇಟ್ಟಿರುವ ಜೀವದ ಕಲ್ಲು. ಅದರ ಮೈಯ ತುಂಬ ಕಣ್ಣಿಗೆ ಕಾಣದ ಜೀವಿಗಳಿದ್ದು ಮೀನಿನ ಹೊಲಸನ್ನು ಅವೇ ತಿಂದು ಅರಗಿಸುತ್ತವೆ. ಮೇಸ್ತ್ರಿಗಳು ಪ್ರತಿ ಭಾನುವಾರ ಹೋಗಿ ಒಂದೊಂದೇ ಕಲ್ಲನ್ನು ಎತ್ತಿ ನೋಡುತ್ತಿದ್ದರು. ಗಾತ್ರ ದೊಡ್ಡದಿರಬೇಕು, ತೂಕ ಹಗುರವಿರಬೇಕು. ಹಾಗಿದ್ದರೆ ಒಳಗೆಲ್ಲ ತೂತು ಇದೆ, ನೀರು ಆಡುತ್ತದೆ ಎಂದರ್ಥ. ಉಗುರಿನಿಂದ ತಟ್ಟುವರು. ಮೂಸುವರು. ಬಾಯಿ ತೆರೆಸಿದ ಹಾಗೆ ಬೆಳಕಿಗೆ ಹಿಡಿದು ತೂತಿನೊಳಗೆ ಇಣುಕುವರು. ಕೊನೆಗೆ "ಕೂರಲ್ಲ" ಎಂದು ಇಟ್ಟು ಬರುವರು.

ಅಷ್ಟಕ್ಕೇ ನಿಲ್ಲಲಿಲ್ಲ. ಹಲ್ಲಿನ ಅಚ್ಚಿನ ಪುಡಿ ಕೊಂಡುಹೋಗಿ, ಅಂಗಡಿಯಲ್ಲೇ ಕಲಸಿ ಹನ್ನೊಂದು ಒಣಕಲ್ಲುಗಳ ಅಚ್ಚು ತೆಗೆದರು. ಮನೆಯಲ್ಲಿ ಪ್ಲಾಸ್ಟರ್ ಸುರಿದು ಅವುಗಳ ಪಡಿಯಚ್ಚು ಮಾಡಿ ಖಾಲಿ ತೊಟ್ಟಿಯಲ್ಲಿ ಜೋಡಿಸಿ ನೋಡಿದರು. ಆ ವಾರವೇ ದಂತವೈದ್ಯರ ಫೋನು ಬಂತು.

"ಮೇಸ್ತ್ರಿಗಳೇ, ಒಬ್ಬ ಅಜ್ಜಿಯ ಕೆಳದವಡೆ ಕೇಳಿದ್ದೆ. ಇದೇನು ಕಳಿಸಿದ್ದೀರಿ, ಗುಡ್ಡನಾ?"

ಮೇಸ್ತ್ರಿಗಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಮರುದಿನವೇ ಆರಿಸುವುದನ್ನು ಮುಗಿಸಿಬಿಡಬೇಕೆಂದು ಹೊರಟರು. ಜೊತೆಗೆ ಮನೆಯಲ್ಲೇ ಇದ್ದ ಅತ್ತೆಯೂ ಹೊರಟರು. ಎಂಟು ಒಣಕಲ್ಲು, ಅವಕ್ಕೆ ಜೀವ ಹತ್ತಿಸಲು ಒಂದು ಜೀವದ ಕಲ್ಲು ಎಂದು ತೀರ್ಮಾನವಾಯಿತು. ಆ ಒಂದನ್ನು ನೋಡಿ ಅತ್ತೆ ಹಿಂದೆ ಸರಿದರು.

"ಅಳಿಯಂದ್ರೇ, ಆ ತೂತಿಂದ ಯಾರೋ ನನ್ನ ನೋಡಿದ ಹಾಗಾಯ್ತು."

"ಅತ್ತೆ, ಅದು ಕಲ್ಲು."

"ಕಲ್ಲು ನೋಡ್ತು ಅಂದ್ನಾ ನಾನು? ಯಾರೋ ಅಂದೆ."

ಕಲ್ಲುಗಳು ಮನೆಗೆ ಬಂದವು. ಬರಿಯ ಗಾಜಿನ ಮೇಲೆ ಕಲ್ಲು ಕೂರಿಸಿ, ಆಮೇಲೆ ಸುತ್ತ ಮರಳು ಸುರಿದು, ಪಕ್ಕದ ಗಾಜಿಗೂ ಕಲ್ಲಿಗೂ ನಡುವೆ ಒರೆಸುವ ಕೈ ಹೋಗುವಷ್ಟು ಜಾಗ ಬಿಟ್ಟು, ಉಪ್ಪುನೀರು ತುಂಬಿಸಿದರು. ನೀರು ಮೊದಲು ಮಜ್ಜಿಗೆಯಂತಿದ್ದು ಮೂರು ದಿನದಲ್ಲಿ ತಿಳಿಯಾಯಿತು. ಮೀನು ಬಿಡಲು ಇನ್ನೂ ಒಂದು ತಿಂಗಳು ತಡೆಯಬೇಕಿತ್ತು. ಮೇಸ್ತ್ರಿಗಳು ಎದುರಿಗೆ ಸ್ಟೂಲು ಹಾಕಿಕೊಂಡು ಕಲ್ಲನ್ನೇ ನೋಡುತ್ತ ಕೂತರು.

ಹೀಗೆ ಕೂತಿದ್ದಾಗ ಒಂದು ಸಂಜೆ "ಟಕ್" ಎಂದಿತು. ತಿರುಗಿದರೆ ಅತ್ತೆ ಬಿಸ್ಕತ್ತು ತಿನ್ನುತ್ತಿದ್ದರು. ಅವರ ಸೆಟ್ಟು ಮಾಡಿದ್ದು ಸ್ವತಃ ಅಳಿಯನೇ. ಮೇಸ್ತ್ರಿಗಳ ಮುಖ ಸಪ್ಪಗಾಯಿತು.

"ಅತ್ತೆ, ಸೆಟ್ಟು ಸಡಿಲ ಆಗಿದೆ. ಕೊಡಿ ಇಲ್ಲಿ."

"ಶಬ್ದ ನನ್ನದಲ್ಲ. ನಿಮ್ಮ ಕಲ್ಲಿಂದು."

"ಕಲ್ಲಿಗೆ ಹಲ್ಲಿದೆಯಾ?"

ಅರದಿಂದ ಉಜ್ಜಿ ಸರಿಮಾಡಿ ಕೊಟ್ಟರು. ಮರುದಿನ ಮತ್ತೆ ಟಕ್. ಮತ್ತೆ ಉಜ್ಜಿದರು. ಮೂರನೇ ಸಲ ಸೆಟ್ಟು ಕಿತ್ತುಕೊಂಡು ಹೋಗಿ, ಇನ್ನಷ್ಟು ಉಜ್ಜಿ, ಕೆಲಸದ ಮೇಜಿನ ಮೇಲೆ ಬಟ್ಟಲಲ್ಲಿ ನೆನೆಹಾಕಿದರು. ಅತ್ತೆ ನಾಲ್ಕು ದಿನ ಮೆತ್ತಗಿನದನ್ನೇ ನುಂಗುತ್ತ, ಮಗಳ ಹತ್ತಿರ ಕೈಸನ್ನೆಯಲ್ಲಿ ಅವಳ ಗಂಡನನ್ನು ದೂರುತ್ತ ಕಳೆದರು.

ಐದನೇ ದಿನ ಮಧ್ಯಾಹ್ನ ಅವರು ಹಾಲ್‌ನಿಂದ ಜೋರಾಗಿ ಚಪ್ಪಾಳೆ ತಟ್ಟಿದರು. ಮೇಸ್ತ್ರಿಗಳು ಓಡಿ ಬಂದರು. ಅತ್ತೆ ತೊಟ್ಟಿಯ ಎದುರು ಸ್ಟೂಲಿನ ಮೇಲೆ ಕೂತು ಬಾಯಿ ಅಗಲವಾಗಿ ತೆರೆದು, ಬೋಳು ಒಸಡು ಎರಡನ್ನೂ ತೋರಿಸುತ್ತಿದ್ದರು. ಮಾತಿಲ್ಲ. ಮಿಸುಕಾಟವಿಲ್ಲ.

ಟಕ್.

ಗಾಜು ಬಿರುಕು ಬಿಡುತ್ತಿದೆ ಎಂದು ಮೇಸ್ತ್ರಿಗಳು ಅಡುಗೆಮನೆಗೆ ಓಡಿದರು. ಬಕೆಟ್ಟು, ಪಾತ್ರೆ, ತಂಬಿಗೆ ಎಲ್ಲ ತಂದು ಸುತ್ತ ಇಟ್ಟರು. ಆಮೇಲೆ ಅಂಗಡಿಯವನಿಗೆ ಫೋನು ಹಚ್ಚಿದರು. ಅವನು ನಕ್ಕು ನಕ್ಕು ಹೇಳಿದ:

"ಸರ್, ಜೀವದ ಕಲ್ಲಿನ ತೂತಲ್ಲಿ ಒಂದು ಸಿಗಡಿ ಬಂದಿರುತ್ತೆ. ಬೆರಳುದ್ದ ಅಷ್ಟೇ. ಮುಂಗಾಲಿನ ಕೊಂಡಿ ಒಂದು ದಪ್ಪ ಇರುತ್ತೆ, ಅದು ಅದನ್ನ ಪಟ್ಟನೆ ಮುಚ್ಚಿದ್ರೆ ಆ ಶಬ್ದ. ಬೇಡ ಅಂದ್ರೆ ಕಲ್ಲು ಎತ್ತಿ ತೂತಿಗೆ ಸೋಡಾ ಹಾಕಿ, ಈಚೆ ಬರುತ್ತೆ."

ಮೇಸ್ತ್ರಿಗಳು ಸೋಡಾ ಬಾಟಲಿ ತಂದು, ಅಂಗಿಯ ತೋಳು ಮಡಿಚಿದರು. ಅತ್ತೆ ಅಡ್ಡ ನಿಂತರು. ಹಲ್ಲಿಲ್ಲದಿದ್ದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

"ಅದು ಮಾಡಿದ ಸದ್ದಿಗೆ ನನ್ನ ಹಲ್ಲು ಮೂರು ಸಲ ಉಜ್ಜಿದ್ರಿ. ನಾನು ಸುಮ್ಮನಿದ್ದೆ. ಅದರ ಮನೆ ಮುಟ್ಟಿದ್ರೆ ಮಾತ್ರ ಸುಮ್ಮನಿರಲ್ಲ."

ಮೇಸ್ತ್ರಿಗಳು ಮಡಿಚಿದ ತೋಳು ಇಳಿಸಿದರು. ಬಾಟಲಿಯ ಮುಚ್ಚಳ ತೆಗೆದು ಸೋಡಾ ತಾವೇ ಕುಡಿದರು.

ಇತ್ತ ಉಜ್ಜಿ ಉಜ್ಜಿ ಸೆಟ್ಟು ಈಗ ನಿಜಕ್ಕೂ ಸಡಿಲವಾಗಿತ್ತು. ಹೊಸದನ್ನು ಆರೇ ದಿನದಲ್ಲಿ ಮಾಡಿಕೊಟ್ಟರು. ಅವರ ಜನ್ಮದಲ್ಲೇ ಅಷ್ಟು ಬೇಗ ಯಾರಿಗೂ ಕೊಟ್ಟಿದ್ದಿಲ್ಲ. ಅತ್ತೆ ಕನ್ನಡಿಯಲ್ಲಿ ಹಲ್ಲು ಕಿಸಿದು ನೋಡಿ, "ಇದು ಪರವಾಗಿಲ್ಲ" ಎಂದರು. ಅಳಿಯ ತಲೆ ತಗ್ಗಿಸಿ, "ತಪ್ಪಾಯ್ತು ಅತ್ತೆ" ಎಂದರು. ಮೇಸ್ತ್ರಿಗಳ ಹೆಂಡತಿ ಅದನ್ನು ಕಿವಿಯಾರೆ ಕೇಳಿದ್ದಾಗಿ ನನಗೆ ಹೇಳಿದಳು.

ತಿಂಗಳು ಕಳೆದು ಕಿತ್ತಳೆ ಬಣ್ಣದ ಎರಡು ಪುಟ್ಟ ಮೀನು ಬಂದವು. ಕಲ್ಲಿನ ಮೈಗೆ ಅಲ್ಲಲ್ಲಿ ನೇರಳೆ ಬಣ್ಣ ಹತ್ತುತ್ತಿದೆ. ಮೊನ್ನೆ ಹೋಗಿದ್ದಾಗ, ಬಹಳ ಚೆನ್ನಾಗಿದೆ ಮೇಸ್ತ್ರಿಗಳೇ ಎಂದೆ. ಅವರು ತಲೆ ಓರೆ ಮಾಡಿ ನೋಡಿದರು.

"ಎಡಗಡೆದು ಒಂದು ಚೂರು ಮುಂದೆ ಬಂದಿದೆ, ಅಲ್ವಾ?" ಎನ್ನುತ್ತ ಮೊಣಕೈವರೆಗೆ ಕೈ ಇಳಿಸಿದರು.

"ಅಳಿಯಂದ್ರೇ!" ಎಂದು ಅಡುಗೆಮನೆಯಿಂದ ಕೂಗು ಬಂತು.