ನಜ್ಮಾದಲ್ಲೊಂದು ಬೆಳಕಿಂಡಿ

ಬೆಳಗಿನ ನಮಾಜಿನ ಕರೆ ಈಗಷ್ಟೇ ಮುಗಿದಿದೆ. ಕೊಲ್ಲಿ ದೇಶದ ನಗರವೊಂದರ ನಜ್ಮಾ ಬಡಾವಣೆಯಲ್ಲಿ, ಹಳೆಯ ಕಟ್ಟಡದ ಕೂಲಿ ಹುಡುಗರನ್ನು ಹೊತ್ತ ಬಸ್ಸು ತಿರುವು ದಾಟುತ್ತಿದ್ದಂತೆ, ಕಟ್ಟಡ ಗುಡಿಸಿ ಒರೆಸುವ ಫಕೀರಪ್ಪ ಆ ಹುಡುಗರ ಕೋಣೆಗೆ ಬರುತ್ತಾರೆ. ಎಸಿ ಆರಿಸಿ ಅದರ ಜಾಲರಿ ತೊಳೆಯುತ್ತಾರೆ. ಮರಳಧೂಳು ಕೆಸರಾಗಿ ಇಳಿಯುತ್ತದೆ. ಆಮೇಲೆ ಕಿಟಕಿಯ ಸಂದಿಗೆ ಅಂಟಿಸಿದ ಟೇಪನ್ನು ಉಗುರಿನಿಂದ ಎಬ್ಬಿಸುತ್ತಾರೆ. ಧೂಳು ಬರುತ್ತದೆ, ತಂಪು ಹೋಗುತ್ತದೆ ಎಂದು ಹುಡುಗರು ರಾತ್ರಿ ಅಂಟಿಸುವುದು, ಇವರು ಬೆಳಿಗ್ಗೆ ಕೀಳುವುದು ನಡೆದೇ ಇದೆ.

“ಎಂತ ಫಕೀರಪ್ಪಣ್ಣ, ಬಿಸಿಲನ್ನು ಒಳಗೆ ಕರ್ದು ಚಾ ಕೊಡುದಾ?” ಕಾವಲುಗಾರ ಮೊಯ್ದಿನ್ ಕುಂಞಿ ಬಾಗಿಲಲ್ಲಿ ನಿಂತು ಛೇಡಿಸುತ್ತಾರೆ.

“ಚಾ ನೀವು ತರ್ರಿ ಸಾಹೇಬ್ರ. ಬಿಸಿಲಿಗಿ ನಾ ಹೇಳ್ತೀನಿ.”

ಗದಗ ಕಡೆಯ ಹಳ್ಳಿ ಅವರದು. ಮಣ್ಣಿನ ಮಾಳಿಗೆಯ ಮನೆ, ಮೇಲೊಂದು ಬೆಳಕಿಂಡಿ. ಅಲ್ಲಿಂದ ಕೋಲಿನ ಹಾಗೆ ಇಳಿಯುವ ಬಿಸಿಲಲ್ಲಿ ಕೂತು ಅಜ್ಜಿ ಗುರವ್ವ ರೊಟ್ಟಿ ಮುರಿದು ಕೊಡುತ್ತಿದ್ದಳು. ನೂರು ವರ್ಷದ ಹಿಂದೆ ಇನ್‌ಫ್ಲುಯೆಂಜಾ ಜ್ವರ ಊರಿಗೆ ಬಂದಾಗ ಅಜ್ಜಿ ಇನ್ನೂ ಹುಡುಗಿ. ಚಳಿ ತಗಲದಿರಲಿ ಎಂದು ಮನೆಮನೆಯಲ್ಲೂ ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದರಂತೆ. ಮುಚ್ಚಿದ ಕೋಣೆಯಲ್ಲಿ ಕೆಮ್ಮುತ್ತಲೇ ಅವಳ ತಾಯಿ, ಇಬ್ಬರು ಅಣ್ಣಂದಿರು ತೀರಿಕೊಂಡರು.

“ಆಮ್ಯಾಲ ಅಜ್ಜಿ ಸಾಯೋತನಾ ಕಿಂಡಿ ಮುಚ್ಚಾಕ ಬಿಡ್ಲಿಲ್ಲ. ಮಳಿ ಬಂದ್ರ ಹಾಸಿಗಿ ತೊಯ್ಯೂದು, ಅವ್ವ ಬೈಯ್ಯೂದು. ಅಜ್ಜಿ ಮಾತ್ರ, ‘ತೊಯ್ದದ್ದು ಒಣಗತೈತಿ’ ಅಂತಿದ್ಲು.”

ಹೋದ ಚಳಿಗಾಲದಲ್ಲಿ ಈ ಕೋಣೆಯ ಸಂಜೀವ ತಲೆದಿಂಬಿಗೆ ಬಾಯೊತ್ತಿ ಕೆಮ್ಮುವುದನ್ನು ಮೊದಲು ಗಮನಿಸಿದವರು ಫಕೀರಪ್ಪ. ಕೊಪ್ಪಳದ ಹುಡುಗ, ಕಟ್ಟಡಗಳಿಗೆ ಸಾರುವೆ ಕಟ್ಟುವವ. ಡಾಕ್ಟರಿಗೆ ತೋರಿಸಿದರೆ ಊರಿಗೆ ಕಳಿಸಿಬಿಟ್ಟಾರು ಎಂಬ ಹೆದರಿಕೆ ಅವನಿಗೆ.

“ಧೂಳಿನ ಕೆಮ್ಮು ಕಾಕಾ, ಖಲಾಸ್ ಆಗ್ತೈತಿ,” ಎನ್ನುತ್ತಿದ್ದ.

“ಕೆಲಸ ಹೋದ್ರ ಹುಡುಕೂಣು. ನಿನ್ನ ಎಲ್ಲಿ ಹುಡುಕ್ಲಿ?” ಎಂದರು ಫಕೀರಪ್ಪ. ವಾರದ ರಜೆಯ ದಿನ ತಾವೇ ಬಸ್ಸು ಹತ್ತಿಸಿ ಕರೆದೊಯ್ದರು.

ಎಕ್ಸ್‌ರೇಯಲ್ಲಿ ಕ್ಷಯ ಕಂಡಿತು. ಸಂಜೀವ ಆಸ್ಪತ್ರೆ ಸೇರಿದ. ಕೋಣೆಯವರೆಲ್ಲ ತಪಾಸಣೆ ಮಾಡಿಸಿಕೊಂಡರು. ಗುಣವಾಗಿ ಮರಳಿದ ದಿನವೂ ಅವನ ಜೊತೆ ಉಣ್ಣಲು ಉಳಿದವರು ಹಿಂಜರಿದರು. ಫಕೀರಪ್ಪ ತಟ್ಟೆ ಹಿಡಿದು ಪಕ್ಕದಲ್ಲೇ ಕೂತರು. ಹೆದರಿದಂತೆ ಆಗಲಿಲ್ಲ, ಕಂಪನಿ ಅವನನ್ನು ಹಗುರ ಕೆಲಸಕ್ಕೆ ಇಟ್ಟುಕೊಂಡಿದೆ.

ದೊಡ್ಡ ಕೆಲಸ ಮಾಡಿದಿರಿ ಎಂದರೆ ಫಕೀರಪ್ಪ ಕೈ ಒರೆಸಿಕೊಳ್ಳುತ್ತಾ ನಗುತ್ತಾರೆ.

“ದೊಡ್ಡದೇನ್ ಬಂತ್ರಿ. ಮೊನ್ನಿ ಅವಗ ಡಬ್ಬಿಗಿ ಕಟ್ಟಿದ ಝುಣಕದಾಗ ಉಪ್ಪು ಜಾಸ್ತಿ ಆಗಿತ್ತು. ಕೆಳಗ ಗೇಟಿನ್ಯಾಗ ಬೈಯ್ಯಾಕ ಹತ್ತಿದಾವ, ಮೆಟ್ಟಲಾ ಎಲ್ಲಾ ಏರಿ ಬರೋತನಾ ಬೈದಾನ. ನಡುವ ಒಮ್ಮೆನೂ ಕೆಮ್ಮಲಿಲ್ಲ. ನಾ ಮ್ಯಾಲ ಕೇಳ್ಕೋತ ನಿಂತಿದ್ದೆ.”