ಭಾನುವಾರ ಸುಮ್ಮನಿರುತ್ತಿದ್ದ ಪಂಪು

ನನಗೆ ಮೂಗಿನ ತುದೀಲೇ ಕೋಪ. ಆಫೀಸಿನಲ್ಲಿ ನನ್ನ ಟೇಬಲ್ ಹತ್ತಿರ ಫೈಲ್ ತರೋರು ಮೊದಲು ನನ್ನ ಮುಖ ನೋಡ್ತಾರೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಕೋಪದಲ್ಲಿ ನಾನು ಒಬ್ಬ ಒಳ್ಳೇ ಮನುಷ್ಯರ ಹೊಟ್ಟೆ ಮೇಲೆ ಹೊಡೆಯೋಕೆ ಹೋಗಿದ್ದೆ.

ಚಿಕ್ಕಬಳ್ಳಾಪುರದ ನಮ್ಮನೆ ಮಹಡಿ ಬಚ್ಚಲಲ್ಲಿ ನೀರು ದಾರದ ಹಾಗೆ ಬರ್ತಿತ್ತು. ಅದಕ್ಕೇ ತಾರಸಿ ಟ್ಯಾಂಕಿನ ಕೆಳಗೆ ಒಂದು ಪ್ರೆಶರ್ ಪಂಪು ಹಾಕಿಸಿದ್ವಿ. ನಲ್ಲಿ ತಿರುಗಿಸಿದ್ರೆ ಶುರುವಾಗತ್ತೆ, ಮುಚ್ಚಿದ್ರೆ ತಾನಾಗೇ ನಿಲ್ಲತ್ತೆ. ಕೂರಿಸಿಕೊಟ್ಟವರು ಶಿಡ್ಲಘಟ್ಟದ ಒಬ್ಬ ಭಾಯ್. ಅರವತ್ತು ದಾಟಿದೆ. ರೇಷ್ಮೆ ನೂಲು ತೆಗೆಯೋ ಶೆಡ್ಡುಗಳಲ್ಲಿ ಮೋಟಾರು ರಿಪೇರಿ ಮಾಡಿಕೊಂಡು ಬಂದವರು. ಈಗ ನಮ್ಮೂರಿನ ಪಂಪಿನ ಅಂಗಡಿಯವರು ಫಿಟ್ಟಿಂಗ್ ಕೆಲಸ ಇದ್ದಾಗ ಫೋನ್ ಮಾಡ್ತಾರೆ, ಇವರು ಬಸ್ಸು ಹತ್ತಿ ಬರ್ತಾರೆ.

ಒಂದು ವಾರ ಚೆನ್ನಾಗಿತ್ತು. ಆಮೇಲೆ ಪಂಪು ನಿಲ್ಲೋದನ್ನೇ ಮರೀತು. ನಮ್ಮನೆಯವರು ಮೇಷ್ಟ್ರಾಗಿದ್ದು ರಿಟೈರ್ ಆದವರು, ಹಗಲೆಲ್ಲ ಮನೇಲೇ ಇರ್ತಾರೆ. ಯಾವ ನಲ್ಲೀನೂ ತೆಗೆದಿಲ್ಲ ಕಣೇ, ಬೆಳಗ್ಗೆಯಿಂದ ಗುಯ್ ಅಂತಾನೇ ಇದೆ, ಟ್ಯಾಂಕು ಮಧ್ಯಾಹ್ನಕ್ಕೇ ಖಾಲಿ ಅಂದ್ರು. ನಾನು ಸಾಯಂಕಾಲ ಮನೆಗೆ ಬಂದ ತಕ್ಷಣ ನಿಂತುಬಿಡ್ತಿತ್ತು. ಅದಕ್ಕೂ ನಿನ್ನ ಕಂಡ್ರೆ ಭಯ ಅಂತ ಅವರು ನಕ್ಕರು. ನನಗೆ ನಗು ಬರಲಿಲ್ಲ.

ಫೋನ್ ಮಾಡಿದ ಭಾನುವಾರವೇ ಭಾಯ್ ಬಂದ್ರು. ಪಂಪಿನ ಮೇಲೆ ಅಂಗೈ ಇಟ್ಟು, ಸ್ಕ್ರೂಡ್ರೈವರ್ ತುದಿ ಪಂಪಿಗೆ, ಹಿಡಿ ಕಿವಿಗೆ ಹಚ್ಚಿ ಸುಮಾರು ಹೊತ್ತು ಕೇಳಿದ್ರು. ನೀರು ಹಿಂದಕ್ಕೆ ಬರದ ಹಾಗೆ ತಡೆಯೋ ವಾಲ್ವನ್ನ ಬಿಚ್ಚಿ, ನಮ್ಮ ಬೋರ್‌ವೆಲ್ ನೀರು ಕಟ್ಟಿದ್ದ ಬಿಳೀ ಪೊರೆಯನ್ನೆಲ್ಲ ಉಜ್ಜಿ ತೆಗೆದ್ರು. ಪಂಪು ಸುಮ್ಮನೆ ಕೂತಿತ್ತು. ಸೋಮವಾರ ಮತ್ತೆ ಶುರು. ಮುಂದಿನ ಭಾನುವಾರ ಮತ್ತೆ ಬಂದ್ರು. ಒಂದು ಚಿಟಿಕೆ ಅರಿಶಿನ ಕೇಳಿ ಇಸ್ಕೊಂಡು ಫ್ಲಶ್ ಟ್ಯಾಂಕಿಗೆ ಹಾಕಿದ್ರು. ಕೆಳಗೆ ಹಳದಿ ಇಳಿದ್ರೆ ಅಲ್ಲಿ ಸೋರ್ತಿದೆ ಅಂತ ಅರ್ಥವಂತೆ. ಹಬ್ಬಕ್ಕೆ ತಂದ ಅರಿಶಿನ ಕಕ್ಕಸಿಗೆ ಹೋಯ್ತಲ್ಲ ಅಂತ ನಾನು ಗೊಣಗಿದೆ. ಹಳದಿ ಇಳೀಲಿಲ್ಲ. ಅವತ್ತೂ ಪಂಪು ತೆಪ್ಪಗಿತ್ತು.

ಸೋಮವಾರ ಮತ್ತೆ ಅದೇ ರಾಗ. ನನ್ನ ಪಿತ್ತ ನೆತ್ತಿಗೇರಿತು. ಆಫೀಸಿನಿಂದಲೇ ಅಂಗಡಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಅಂದೆ. ಕೆಲಸ ಬರದವರನ್ನ ಯಾರ ಮನೆಗೂ ಕಳಿಸಬೇಡಿ ಅಂದೆ. ಅಂಗಡಿಯವರು ನನ್ನ ಸಮಾಧಾನ ಮಾಡಿ, ಪೆರೇಸಂದ್ರದ ಹತ್ತಿರ ಹೊಸದಾಗಿ ಎದ್ದಿರೋ ಕಲ್ಯಾಣ ಮಂಟಪದ ಪಂಪಿನ ಕೆಲಸ ಪೂರಾ ಇವರಿಗೇ ಅಂತ ಇಟ್ಟಿದ್ವಿ, ನಿಮ್ಮನೇದು ಸರಿಯಾಗೋವರೆಗೂ ಕೊಡಲ್ಲ ಬಿಡಿ ಮೇಡಂ ಅಂದ್ರು. ಎರಡು ತಿಂಗಳ ಕೆಲಸ ಅದು. ಆ ಹೊತ್ತಲ್ಲಿ ನನಗೆ ಸಂಕಟ ಆಗಲಿಲ್ಲ. ತೃಪ್ತಿ ಆಯ್ತು. ಬರೆಯೋಕೆ ನಾಚಿಕೆ ಆಗತ್ತೆ, ಆದ್ರೂ ನಿಜ.

ಆ ರಾತ್ರಿ ಭಾಯ್ ನಮ್ಮನೆಯವರಿಗೆ ಫೋನ್ ಮಾಡಿದ್ರು. ಮಂಟಪದ ಕೆಲಸದ ಸುದ್ದಿ ಎತ್ತಲಿಲ್ಲ. ಎರಡೇ ಪ್ರಶ್ನೆ ಕೇಳಿದ್ರಂತೆ. ಟ್ಯಾಂಕು ಖಾಲಿಯಾದಾಗ ಸಂಪಲ್ಲಿ ನೀರು ಎಷ್ಟಿರತ್ತೆ? ಭಾನುವಾರ ಬಿಟ್ಟು ಬೇರೆ ಯಾವತ್ತಾದ್ರೂ ಪಂಪು ಸುಮ್ಮನಿತ್ತಾ? ಸಂಪು ತುಂಬೇ ಇರತ್ತೆ, ಎರಡನೇ ಶನಿವಾರವೂ ಪಂಪು ಸದ್ದು ಮಾಡಲಿಲ್ಲ ಅಂತ ಇವರು ಹೇಳಿದ್ರು. ಹಾಗಾದ್ರೆ ನಾಳೆ ಮೇಡಂ ಆಫೀಸಿಗೆ ಹೊರಡೋಕೆ ಮುಂಚೆ ಬರ್ತೀನಿ ಅಂದ್ರಂತೆ.

ಬೆಳಗ್ಗೆ ಒಂಬತ್ತಕ್ಕೆ ಬಂದು ಅಂಗಳದ ಕಟ್ಟೆ ಮೇಲೆ ಕೂತ್ರು. ಕಾಫಿ ಕುಡಿದ್ರು. ಪಂಪನ್ನ ನೋಡೋಕೂ ಹೋಗಲಿಲ್ಲ. ಕೂತು ಏನು ನೋಡ್ತೀರಿ, ಮೇಲೆ ಹೋಗಿ ನೋಡಬಾರದಾ ಅಂತ ಬೈಕೊಂಡೇ ನಾನು ಬ್ಯಾಗು ಹೆಗಲಿಗೆ ಹಾಕಿದೆ, ಚಪ್ಪಲಿ ಮೆಟ್ಟಿದೆ, ಗೇಟಿನ ಕಡೆ ನಡೆದೆ. ಬೈಗುಳ ನಿಲ್ಲಿಸಿರಲಿಲ್ಲ. ತಾರಸಿ ಮೇಲೆ ಪಂಪು ಗುಯ್ ಅಂತು.

ಮನೇಲಿ ಯಾರೂ ನಲ್ಲಿ ತೆಗೆದಿರಲಿಲ್ಲ. ಭಾಯ್ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದ್ರು. ನಾನೂ ನೋಡಿಕೊಂಡೆ. ಗೇಟಿನ ಹತ್ತಿರದ ಸಂಪಿನ ಪಕ್ಕ ಬಗ್ಗಿ ನಿಂತಿದ್ದೀನಿ, ಬಲಗೈ ಹಳೇ ವಾಲ್ವಿನ ಚಕ್ರದ ಮೇಲಿದೆ. ಆಗಲೇ ಕಾಲು ಸುತ್ತು ತಿರುಗಿಸಿ ಆಗಿದೆ.

ನಮ್ಮೂರಲ್ಲಿ ಬೀದಿ ನೀರು ವಾರಕ್ಕೊಂದು ಸಲ ಬಂದ್ರೆ ಪುಣ್ಯ. ಯಾವ ಹೊತ್ತಿಗೆ ಅಂತ ಬಿಡೋನಿಗೂ ಗೊತ್ತಿರಲ್ಲ. ಅದಕ್ಕೇ ಕೆಲಸಕ್ಕೆ ಹೋಗೋ ಹೆಂಗಸರು ಹೊರಡೋವಾಗ ವಾಲ್ವ್ ತೆಗೆದಿಟ್ಟು ಹೋಗೋದು. ನಾವಿಲ್ಲದಾಗ ಬಂದ್ರೂ ಸಂಪಿಗೆ ಬೀಳಲಿ ಅಂತ. ಸಾಯಂಕಾಲ ಬಂದು ಮುಚ್ಚೋದು. ಇಪ್ಪತ್ತೆಂಟು ವರ್ಷ ಹೀಗೇ ಮಾಡಿದ್ದೀನಿ. ಈಗ ಬೀದಿ ನೀರಿಗೆ ಹೊಸ ಪೈಪು ಬಂದಿದೆ, ಅದು ನೇರ ಸಂಪಿಗೆ ಬೀಳತ್ತೆ. ಅಡುಗೆಮನೆ ಟೈಲ್ಸ್ ಒಡೆಯೋಕೆ ನಾನು ಸುತರಾಂ ಒಪ್ಪದೇ ಇದ್ದಿದ್ದಕ್ಕೆ ಭಾಯ್, ಮೊದಲು ಬೀದಿ ನೀರನ್ನ ಈ ವಾಲ್ವ್ ಮೂಲಕ ಸಂಪಿಗೆ ತರ್ತಿದ್ದ ಗೋಡೆಯೊಳಗಿನ ಹಳೇ ಪೈಪಿಗೇ ಪಂಪಿನ ನೀರು ಕೊಟ್ಟಿದ್ರು. ಈ ವಾಲ್ವ್ ಮುಚ್ಚಿದ್ದೀನಿ, ಇನ್ನು ಮುಟ್ಟಬೇಡಿ ಅಮ್ಮ ಅಂತ ಅವತ್ತೇ ಹೇಳಿದ್ರು. ಹೂಂ ಅಂದಿದ್ದೆ. ಹೂಂ ಅಂದಿದ್ದು ಬಾಯಿ. ಕೈ ದಿನಾ ಅದನ್ನ ತೆಗೀತಾನೇ ಇತ್ತು. ಟ್ಯಾಂಕಿನ ನೀರು ಪಂಪಿನಿಂದ ಇಳಿದು, ಮುಚ್ಚಳದ ಕೆಳಗೆ ಯಾರಿಗೂ ಕಾಣದ ಹಾಗೆ ಸಂಪಿಗೇ ವಾಪಸ್ಸು ಬೀಳ್ತಿತ್ತು. ಮುಖ ಎಲ್ಲಿಟ್ಟುಕೊಳ್ಳೋದು ಅಂತ ತಿಳೀಲಿಲ್ಲ.

ಭಾಯ್ ವಾಲ್ವ್ ಮುಚ್ಚಿದ್ರು, ಪಂಪು ನಿಂತಿತು. ಪೈಪಿನ ಬಾಯಿಗೆ ಕ್ಯಾಪ್ ಹಾಕ್ತೀನಿ, ಆಫೀಸಿಗೆ ಹೊತ್ತಾಯ್ತು ನೀವು ಹೊರಡಿ ಅಂದ್ರು. ಅಷ್ಟೇ. ಒಂದು ನಗೆಯಿಲ್ಲ, ನೋಡಿದ್ರಾ ಅಂತ ಒಂದು ಮಾತಿಲ್ಲ. ನಾನಾಗಿದ್ರೆ ಎದುರಿನವರ ಜನ್ಮ ಜಾಲಾಡ್ತಿದ್ದೆ.

ನಾನು ಆಫೀಸಿನ ದಾರಿ ಬಿಟ್ಟು ಮೊದಲು ಸೀದಾ ಅಂಗಡಿಗೆ ಹೋದೆ. ಬಾಯಿ ತೆಗೆಯೋಕೆ ಮುಂಚೆ ಅಂಗಡಿಯವರೇ ಶುರು ಮಾಡಿದ್ರು. ಈಗತಾನೆ ಫೋನ್ ಬಂತು ಮೇಡಂ, ಫಿಟ್ಟಿಂಗಲ್ಲಿ ನನ್ನದೇ ತಪ್ಪಾಗಿತ್ತು, ಸರಿ ಮಾಡಿದೆ ಅಂತ ಭಾಯ್ ಒಪ್ಪಿಕೊಂಡ್ರು, ಫಿಟ್ಟಿಂಗೇ ತಪ್ಪೋರಿಗೆ ದೊಡ್ಡ ಕೆಲಸ ಹೇಗೆ ಕೊಡೋದು, ಮಂಟಪದ್ದು ಬೇರೆಯವರಿಗೆ ಹೇಳ್ತಿದ್ದೀನಿ ಅಂದ್ರು.

ಅಂಗಡಿ ತುಂಬ ಗಿರಾಕಿಗಳಿದ್ರು. "ತಪ್ಪು ಅವರದಲ್ಲ. ಅವರು ಮುಚ್ಚಿದ್ದ ವಾಲ್ವನ್ನ ದಿನಾ ತೆಗೀತಿದ್ದಿದ್ದು ನಾನು" ಅಂದೆ. ಸ್ವರ ಜೋರಾಗೇ ಬಂತು, ನನಗೆ ಮೆಲ್ಲಗೆ ಮಾತಾಡೋಕೆ ಬರಲ್ಲ. ಅಂಗಡಿಯವರು ನಂಬದೆ ಭಾಯ್‌ಗೆ ಫೋನ್ ಮಾಡಿ ನನ್ನ ಕೈಗೇ ಕೊಟ್ರು. ಸುಳ್ಳು ಯಾಕೆ ಹೇಳಿದ್ರಿ ಅಂತ ಕೇಳಿದೆ.

"ಸುಳ್ಳಲ್ಲಮ್ಮ. ಇಷ್ಟು ವರ್ಷ ಬೀದಿ ನೀರಿಗೆ ಕಾದ ಕೈ ಅದು, ಹೇಳಿದ್ರೆ ಕೇಳತ್ತಾ? ಅವತ್ತೇ ಕ್ಯಾಪ್ ಹಾಕಬೇಕಿತ್ತು. ಬಾಯಲ್ಲಿ ಹೇಳಿ ಹೋದೆ. ಹೇಳೋದು ಕೆಲಸ ಅಲ್ಲ."

ನಾನು ಕ್ಷಮಿಸಿ ಅಂದೆ. ಯಾರಿಗಾದ್ರೂ ಆ ಮಾತು ಹೇಳಿ ಎಷ್ಟು ವರ್ಷ ಆಗಿತ್ತೋ. ಅಂಗಡಿಯವರು ಫೋನ್ ಇಸ್ಕೊಂಡು, ನಾಳೆಯಿಂದ ಮಂಟಪಕ್ಕೆ ಹೋಗಿ ಭಾಯ್ ಅಂದಿದ್ದು ಕಿವಿಯಾರೆ ಕೇಳಿಯೇ ಅಲ್ಲಿಂದ ಹೊರಟೆ.

ನಮ್ಮ ಆಫೀಸಿನಲ್ಲಿ ಒಂದು ಕಾಗದ ತಪ್ಪಾದ್ರೆ ಅದನ್ನ ಯಾರ ಟೇಬಲ್ಲಿಗೆ ತಳ್ಳೋದು ಅಂತಲೇ ಮೊದಲು ನೋಡ್ತೀವಿ. ನಾನು ಅದರಲ್ಲಿ ನಿಸ್ಸೀಮಳು. ಎರಡು ತಿಂಗಳ ಕೆಲಸ ಹೋಗತ್ತೆ ಅಂತ ಗೊತ್ತಿದ್ದೂ ಆ ಮನುಷ್ಯ ತಪ್ಪನ್ನ ತನ್ನ ಕಡೆ ಎಳ್ಕೊಂಡ್ರಲ್ಲ, ಅವರಿಗೆ ಕೈ ಮುಗೀಬೇಕು. ಆಫೀಸಿಗೆ ಒಂದು ಗಂಟೆ ತಡವಾಗಿ ಹೋದೆ. ಸಾಹೇಬರು ಕಾರಣ ಕೇಳಿದ್ರು. ಬಸ್ಸು, ಮಳೆ, ಮನೆಯವರ ಆರೋಗ್ಯ, ಎಲ್ಲ ನಾಲಿಗೆ ತುದೀಲೇ ಇತ್ತು. ನನ್ನ ತಪ್ಪು ಸಾರ್ ಅಂದೆ.